ವಂದನಾರ್ಪಣೆಗೆ ಮುಂಚೆ ಒಂದು ಸೈಕಲ್ ಸವಾರಿ

ಹಳಿ ಕಿತ್ತುಹಾಕಿದ ರೈಲು ದಾರಿಯೊಂದು ಈಗ ಸೈಕಲ್ ಹಾದಿಯಾಗಿದೆ ಎಂದು ಅಮ್ಮನಿಗೆ ಹೇಳಿದವಳು ನಾನು. ಅದನ್ನು ಮುಂಬಯಿಯ ನಮ್ಮ ಕನ್ನಡ ಸಂಘದ ಮಹಿಳಾ ವಿಭಾಗದ ಸಭೆಯಲ್ಲಿ ಹೇಳಿದವಳು ಅಮ್ಮ. ಅಲ್ಲಿಂದ ಮುಂದೆ ಆದದ್ದಕ್ಕೆ ನಾವಿಬ್ಬರೂ ಜವಾಬ್ದಾರರಲ್ಲ. ಆದರೆ ಆ ದಿನದ ಬಗ್ಗೆ ನಮ್ಮವರ ನಡುವೆ ಬೇರೆಯೇ ಒಂದು ಕತೆ ಓಡಾಡುತ್ತಿದೆ. ಅದರಲ್ಲಿ ನಾನು ಅಹಂಕಾರಿ, ಅಮ್ಮ ಶಿಸ್ತಿಲ್ಲದವಳು. ನಾನು ಮನೆಯ ವಿಷಯವನ್ನು ಹೊರಗೆ ಹೇಳಿಕೊಳ್ಳುವವಳಲ್ಲ. ಈ ಸಲ ಹೇಳುತ್ತೇನೆ.

ಅಮ್ಮನ ಎರಡೂ ಮೊಣಕಾಲುಗಳು ಸವೆದಿದ್ದವು. ಚೆಂಬೂರಿನ ನಮ್ಮ ಕಾಲನಿಯಲ್ಲಿ ಅರ್ಧ ಮನೆಗಳು ಬೆಳಿಗ್ಗೆ ಎರೆಯುವ ದೋಸೆ ಅವಳು ರುಬ್ಬಿದ ಹಿಟ್ಟಿನದು. ಗ್ರೈಂಡರಿನ ಮುಂದೆ ನಿಂತು, ಪಾತ್ರೆ ಎತ್ತಿ, ಮಹಡಿ ಇಳಿದು ಹತ್ತಿ ಸವೆದ ಮೊಣಕಾಲುಗಳು ಅವು. ಆಪರೇಶನ್ ಮಾಡಲೇಬೇಕು ಎಂದ ಡಾಕ್ಟರು ಅಲ್ಲಿಯವರೆಗೆ ಕಾಲಿನ ಸ್ನಾಯುಗಳಿಗೆ ಬಲ ಬರಲಿ ಎಂದು ವ್ಯಾಯಾಮದ ಸೈಕಲ್ ತುಳಿಯಲು ಹೇಳಿದರು. ಕುರ್ಲಾದ ಒಂದು ಕ್ಲಿನಿಕ್ಕಿನಲ್ಲಿ ನೆಲಕ್ಕೆ ಬೋಲ್ಟು ಹೊಡೆದು ನಿಲ್ಲಿಸಿದ್ದ ಸೈಕಲ್ಲಿನ ಮೇಲೆ ಅಮ್ಮ ಒಂದು ವಾರ ಕೂತಳು.

"ಇದು ಎಂತದು ಮಾರಾಯ್ತಿ," ಎಂದಳು ಕೊನೆಗೆ. "ಎಷ್ಟು ತುಳಿದ್ರೂ ಅದೇ ಗೋಡೆ."

ಮರುವಾರ ಎದುರಿನ ಬಿಲ್ಡಿಂಗಿನವರು ಮಾರಲಿಟ್ಟಿದ್ದ ಹಳೆಯ ಲೇಡೀಸ್ ಸೈಕಲ್ ನಮ್ಮ ಮೆಟ್ಟಿಲ ಕೆಳಗೆ ಬಂದು ನಿಂತಿತು. ಐವತ್ತು ದಾಟಿದ ಮೇಲೆ ಅಮ್ಮ ಸೈಕಲ್ ಕಲಿತಳು. ನಾನು ಹಿಂದಿನಿಂದ ಸೀಟು ಹಿಡಿದು ಓಡಿದೆ. ಅವಳು ಬೇಗ ಕಲಿತಳು, ಆದರೆ ಒಂದು ತೊಂದರೆ ಉಳಿಯಿತು. ಸೈಕಲ್ ಓಡುವಾಗ ಅವಳಿಗೆ ನೋವಿರಲಿಲ್ಲ. ನಿಲ್ಲಿಸಿ ಕಾಲು ಕೆಳಗಿಟ್ಟಾಗ ಇತ್ತು, ಮತ್ತೆ ಆ ಕಾಲನ್ನು ನೆಲಕ್ಕೆ ಒತ್ತಿ ಹೊರಡುವಾಗ ಇನ್ನೂ ಜಾಸ್ತಿ. ನಮ್ಮ ಕಾಲನಿಯ ಹಿಂದಿನ ರಸ್ತೆಯಲ್ಲಿ ಕಾಲು ಕೆಳಗಿಡದೆ ನೂರು ಗಜ ಹೋಗಲಾಗುವುದಿಲ್ಲ. ಗೇಟಿನಿಂದ ಕಾರು ಹೊರಡುತ್ತದೆ, ರಿಕ್ಷಾದವನು ತಿರುಗುತ್ತಾನೆ, ಕಸದ ಗಾಡಿ ನಿಲ್ಲುತ್ತದೆ, ತರಕಾರಿಯವನಿಗೆ ಚಿಲ್ಲರೆ ಎಣಿಸುವ ಹೆಂಗಸು ಹಿಂದೆ ನೋಡದೆ ಹೆಜ್ಜೆ ಹಿಂದಿಡುತ್ತಾಳೆ. ಅಮ್ಮ ಪ್ರತಿ ಸಲ ಕಾಲಿಡುತ್ತಿದ್ದಳು, ಪ್ರತಿ ಸಲ ತುಟಿ ಕಚ್ಚುತ್ತಿದ್ದಳು.

ಮಳೆಗಾಲ ಮುಗಿದ ಮೇಲೆ, ಜನವರಿಯಲ್ಲಿ ಆಪರೇಶನ್ ಎಂದು ನಿಶ್ಚಯವಾಯಿತು. ಅದಾದ ಮೇಲೆ ರಸ್ತೆಯಲ್ಲಿ ಸೈಕಲ್ ಬೇಡ, ಬಿದ್ದರೆ ಕಷ್ಟ ಎಂದು ಡಾಕ್ಟರು ಹೇಳಿದರು. ಅಂದು ಲೋಕಲ್ ರೈಲಿನಲ್ಲಿ ಮನೆಗೆ ಬರುವಾಗ ಅಮ್ಮ ಕಿಟಕಿಯ ಹೊರಗೆ ನೋಡುತ್ತ, ಒಂದು ಸಲ, ಒಂದೇ ಸಲ, ಎಲ್ಲಿಯೂ ಕಾಲಿಡದೆ ಹೋಗಿ ಬರುವ ಹಾಗಿದ್ದರೆ ಆಗಿತ್ತು ಎಂದಳು. ಅಮ್ಮ ಏನನ್ನೂ ಬೇಕು ಎಂದು ಕೇಳುವವಳಲ್ಲ. ಇದನ್ನೂ ನನ್ನನ್ನು ಕೇಳಿರಲಿಲ್ಲ. ನಾನು ಕೇಳಿಸಿಕೊಂಡೆ ಅಷ್ಟೆ.

ನನ್ನ ಕೆಲಸ ನಕ್ಷೆಗಳದ್ದು. ಭೂಗೋಳದಲ್ಲಿ ಎಂ.ಎ. ಮಾಡಿ, ನೆಲದ ಏರುತಗ್ಗುಗಳನ್ನು ಪರದೆಯ ಮೇಲೆ ಗೆರೆಗಳಾಗಿ ನೋಡುವ ಕಚೇರಿಯಲ್ಲಿದ್ದೇನೆ. ಕೊನೆಯ ಉಪನಗರಗಳನ್ನು ದಾಟಿದ ಮೇಲೆ, ಬೆಟ್ಟಗಳು ಶುರುವಾಗುವ ಕಡೆ, ಹಿಂದೆ ಕಲ್ಲುಕ್ವಾರಿಯಿಂದ ಕಲ್ಲು ಸಾಗಿಸುತ್ತಿದ್ದ ಒಂದು ಸಣ್ಣ ರೈಲು ದಾರಿ ಇತ್ತು. ಅದರ ಹಳಿ ತೆಗೆದು, ಜಲ್ಲಿಯ ಮೇಲೆ ಮಣ್ಣು ಹಾಕಿ ಗಟ್ಟಿ ಮಾಡಿ ಸೈಕಲ್ ಹಾದಿ ಮಾಡಿದ್ದರು. ಅದರ ಗೆರೆಯನ್ನು ನೋಡಿದ ಕೂಡಲೇ ಇದು ಅಮ್ಮನಿಗಾಗಿಯೇ ಇದೆ ಎನ್ನಿಸಿತು. ರೈಲಿಗೆ ಕಡಿದಾದ ಏರು ಹತ್ತಲಾಗುವುದಿಲ್ಲ, ಥಟ್ಟನೆ ತಿರುಗಲಾಗುವುದಿಲ್ಲ. ಹಾಗಾಗಿ ಅದಕ್ಕೆ ದಾರಿ ಮಾಡಿದವರು ಬೆಟ್ಟವನ್ನು ಕಡಿದು, ಹಳ್ಳವನ್ನು ತುಂಬಿಸಿ ಎಲ್ಲವನ್ನೂ ಮೆತ್ತಗೆ ಮಾಡಿಟ್ಟಿರುತ್ತಾರೆ. ಹಳೆಯ ಸ್ಟೇಷನ್ನಿನಿಂದ ಹೊಳೆಯ ಸೇತುವೆಯವರೆಗೆ ನಡುವೆ ಒಂದೂ ರಸ್ತೆ ಅಡ್ಡ ಬರುವುದಿಲ್ಲ. ಸೇತುವೆಯ ಆಚೆ ತಿರುಗಲು ಒಂದು ದುಂಡನೆಯ ಜಾಗವೂ ಇದೆ. ಮೊಣಕಾಲು ಸವೆದ ಹೆಂಗಸೊಬ್ಬಳು ಕಾಲು ಕೆಳಗಿಡದೆ ಹೋಗಿ ಬರಬಹುದಾದ ದಾರಿ ಈ ಊರಿನ ಆಸುಪಾಸಿನಲ್ಲಿ ಇದೊಂದೇ ಇರಬಹುದು.

ನಾವಿಬ್ಬರೇ ಹೋಗುವುದೆಂದು ನನ್ನ ಲೆಕ್ಕ. ಅಮ್ಮ ಉತ್ಸಾಹ ತಡೆಯಲಾರದೆ ಮಹಿಳಾ ವಿಭಾಗದಲ್ಲಿ ಹೇಳಿಬಿಟ್ಟಳು. ಹೆಂಗಸರೆಲ್ಲ ಸೇರಿ ಹೋಗೋಣ, ಆರಾಮಾಗಿ ಒಂದು ದಿನ ಕಳೆದು ಬರೋಣ ಎಂದು ಅವಳ ಆಸೆ. ಅದರಲ್ಲಿ ತಪ್ಪಿಲ್ಲ.

ಮುಂಬಯಿಯ ಕನ್ನಡ ಸಂಘಗಳನ್ನು ಬಲ್ಲವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಮೊದಲ ವಾರ ಅದು ಪಿಕ್ನಿಕ್ ಆಗಿತ್ತು. ಎರಡನೆಯ ವಾರ ಮಹಿಳಾ ಸೈಕಲ್ ಜಾಥಾ ಆಯಿತು. ಆಮೇಲೆ ಜಾಥಾಕ್ಕೆ ಉದ್ಘಾಟನೆ ಬೇಕಾಯಿತು, ಉದ್ಘಾಟನೆಗೆ ದೀಪ, ದೀಪಕ್ಕೆ ಅಧ್ಯಕ್ಷರು, ಅಧ್ಯಕ್ಷರಿರುವಾಗ ಗೌರವ ಅತಿಥಿ, ಅತಿಥಿ ಬಂದ ಮೇಲೆ ಶಾಲು, ಹಾರ, ಫಲಪುಷ್ಪ, ಸ್ಮರಣಿಕೆ. ಅಧ್ಯಕ್ಷರಿಗೆ ಭಾಂಡುಪಿನಲ್ಲಿ ಹೋಟೆಲ್ ಇದೆ. ಬೆಳಗಿನ ತಿಂಡಿ ಬಸ್ಸಿನಲ್ಲಿ, ಊಟ ಅವರ ಹೋಟೆಲಿನಿಂದ ಟೆಂಪೋದಲ್ಲಿ ಎಂದಾಯಿತು. ಹೆಂಗಸರಿಗೆಲ್ಲ ಒಂದೇ ಬಗೆಯ ಸೀರೆ ಎಂದೂ ಆಯಿತು: ಗಿಳಿಹಸಿರು ಮೈ, ಗುಲಾಬಿ ಅಂಚು. ಸೈಕಲ್ ತುಳಿಯಲು ಹೋಗುವವರಿಗೆ ಸೀರೆ ಏಕೆ ಎಂದು ನಾನು ಮಹಿಳಾ ವಿಭಾಗದ ಕಾರ್ಯಾಧ್ಯಕ್ಷೆಯನ್ನು ಕೇಳಿದೆ. ಫೋಟೋದಲ್ಲಿ ಚಂದ ಕಾಣುತ್ತದೆ ಎಂದರು. ಹಾಗಾದರೆ ಸೈಕಲ್?

"ಇಷ್ಟು ದೂರ ಹೋಗಿ ಒಂದು ಕಾರ್ಯಕ್ರಮ ಮಾಡದೆ ಬರುದಾ?" ಎಂದರು. "ಜನ ಎಂತ ಹೇಳಿಯಾರು?"

ಯಾವ ಜನ ಎಂದು ಕೇಳಲಿಲ್ಲ. ಕಾಡಿನ ಅಂಚಿನ ಪಾಳುಬಿದ್ದ ಸ್ಟೇಷನ್ನಿನಲ್ಲಿ ನಮ್ಮನ್ನು ನಾವೇ ನೋಡುವವರಿದ್ದೆವು.

ಕಾರ್ಯಕ್ರಮದ ನಿರೂಪಣೆ ನನ್ನ ತಲೆಗೆ ಬಂತು. ಏಳನೆಯ ತರಗತಿಯವರೆಗೆ ಇಲ್ಲಿನ ಕನ್ನಡ ಶಾಲೆಯಲ್ಲಿ ಓದಿದ್ದಕ್ಕೆ ಕೊಡಬೇಕಾದ ದಂಡ ಅದು. ನನ್ನ ವಯಸ್ಸಿನ ಉಳಿದವರು ಎರಡು ವಾಕ್ಯ ಕನ್ನಡದಲ್ಲಿ ಹೇಳಿ ಮೂರನೆಯದಕ್ಕೆ ಹಿಂದಿಗೆ ಜಾರುತ್ತಾರೆ, ಹಾಗಾಗಿ ಮೈಕು ನನ್ನ ಕೈಗೆ. ಮೈಕು ಎಂದರೆ ನನಗಾಗದು. ಆಗುವುದಿಲ್ಲ ಎಂದು ಸ್ಪಷ್ಟವಾಗಿಯೇ ಹೇಳಿದೆ. ಸಂಘದಲ್ಲಿ ಹೆಣ್ಣುಮಕ್ಕಳು ಆಗುವುದಿಲ್ಲ ಎಂದರೆ ಅದು ನಾಚಿಕೆ ಎಂದು ಅರ್ಥ. ಅಮ್ಮನಿಗೆ ಪ್ರಾರ್ಥನೆ ವಹಿಸಿದರು. ಅವಳ ಸ್ವರ ಚೆನ್ನಾಗಿದೆ.

ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಬಸ್ಸು ಹೊರಟಿತು. ಅಮ್ಮ ನನ್ನ ಪಕ್ಕದಲ್ಲಿ ಕೂತು, ಹೋಗುವಾಗ ಏರು ಇದೆಯೋ ಬರುವಾಗಲೋ ಎಂದು ಮತ್ತೆ ಕೇಳಿದಳು. ಹೋಗುವಾಗ ಸ್ವಲ್ಪ, ಗೊತ್ತೇ ಆಗುವುದಿಲ್ಲ ಎಂದೆ. ಸೇತುವೆಯ ಮೇಲೆ ಹಲಗೆಯೋ ಕಾಂಕ್ರೀಟೋ ಎಂದಳು. ಕಾಂಕ್ರೀಟು ಎಂದೆ. ಮುಂದಿನ ಸೀಟಿನವರು ಅಂತಾಕ್ಷರಿ ಶುರು ಮಾಡಿದ್ದರು. ಬಸ್ಸಿನಲ್ಲಿದ್ದ ಹೆಂಗಸರಲ್ಲಿ ಸೈಕಲ್ ಬರುವವರು ಎಷ್ಟು ಮಂದಿ ಎಂದು ಆಗ ವಿಚಾರಿಸಿದೆ. ನನ್ನನ್ನು ಬಿಟ್ಟರೆ ಅಮ್ಮ ಮತ್ತು ಇನ್ನಿಬ್ಬರು. ಆ ಇಬ್ಬರು ತಮ್ಮ ಹೊಸ ಸೀರೆಗೆ ಚೈನಿನ ಎಣ್ಣೆ ತಾಗಿಸುವ ಮನಸ್ಸಿನಲ್ಲಿರಲಿಲ್ಲ.

ಸ್ಟೇಷನ್ನನ್ನು ಚೆನ್ನಾಗಿ ಉಳಿಸಿದ್ದರು. ತಗ್ಗಾದ ಕಲ್ಲಿನ ಪ್ಲಾಟ್‌ಫಾರ್ಮು, ಹೆಂಚಿನ ಮಾಡು, ಟಿಕೆಟ್ ಕೊಡುವ ಕಿಂಡಿ. ಪ್ಲಾಟ್‌ಫಾರ್ಮಿನ ಒಂದು ತುದಿಯಾಚೆ ಸೈಕಲ್ ಬಾಡಿಗೆಗೆ ಕೊಡುವ ಶೆಡ್ಡು. ಅಲ್ಲಿಂದ ಹೊರಟ ಹಾದಿ ಪ್ಲಾಟ್‌ಫಾರ್ಮಿನ ಮುಂದೆ, ಹಿಂದೆ ಹಳಿಯಿದ್ದ ಜಾಗದಲ್ಲಿಯೇ ಹಾದು, ಹುಲ್ಲು ಹೊಂಬಣ್ಣಕ್ಕೆ ತಿರುಗಿದ್ದ ಬಯಲಿನಲ್ಲಿ ನೇರವಾಗಿ ಮಾಯವಾಗುತ್ತಿತ್ತು. ಗಾಳಿ ತಣ್ಣಗಿತ್ತು. ಎಲ್ಲಿಯೂ ಹಾರ್ನ್ ಇಲ್ಲ. ಅಮ್ಮ ಆ ದಾರಿಯನ್ನು ನೋಡುತ್ತ ನಿಂತುಬಿಟ್ಟಳು.

ಸೈಕಲ್ ಶೆಡ್ಡಿನವನು ಮರಾಠಿಯವನು, ಮಧ್ಯವಯಸ್ಸಿನವನು, ತನ್ನ ಸೈಕಲ್ಲುಗಳನ್ನು ಸಾಲಾಗಿ ಒರೆಸಿಟ್ಟಿದ್ದ. ಹನ್ನೆರಡಕ್ಕೆ ಎಲ್ಲವೂ ವಾಪಸು ಬರಬೇಕು, ಮಧ್ಯಾಹ್ನ ಬೇರೆಯವರಿದ್ದಾರೆ, ತಡವಾದವರನ್ನು ನಾನೇ ಮೋಟರ್‌ಸೈಕಲ್ಲಿನಲ್ಲಿ ಹೋಗಿ ನಿಲ್ಲಿಸಿ ಕರೆತರುತ್ತೇನೆ ಎಂದು ನಗುತ್ತಲೇ ಎಚ್ಚರಿಸಿದ. ಆಗಿನ್ನೂ ಒಂಬತ್ತೂವರೆ. ಬೇಕಾದಷ್ಟು ಹೊತ್ತಿತ್ತು.

ನಮ್ಮವರು ಮೊದಲು ಮಾಡಿದ ಕೆಲಸ ಸೈಕಲ್ಲುಗಳ ಹ್ಯಾಂಡಲ್ಲಿಗೆ ಬಲೂನು ಕಟ್ಟಿದ್ದು. ಎರಡನೆಯದು, ಪ್ಲಾಟ್‌ಫಾರ್ಮಿನ ಅಂಚಿಗೆ ಎರಡು ಕೋಲು ನೆಟ್ಟು ಬ್ಯಾನರು ಬಿಗಿದದ್ದು. ಬ್ಯಾನರಿನಲ್ಲಿ ಅಧ್ಯಕ್ಷರ ಮುಖ ಆಳೆತ್ತರ ಇತ್ತು, ಮೂಲೆಯಲ್ಲಿ ಒಂದು ಸಣ್ಣ ಸೈಕಲ್ಲು. ಅದರ ಮುಂದೆ ಗಣ್ಯರ ಕುರ್ಚಿಗಳು, ಎದುರಿಗೆ ನಮ್ಮ ಕುರ್ಚಿಗಳು. ವೇದಿಕೆಯ ಮೇಲಿನವರು ಸೈಕಲ್ ಹಾದಿಗೆ ಬೆನ್ನು ಹಾಕಿ ಕೂರುವಂತೆ ಆಯಿತು. ಆ ಇಡೀ ಜಾಗದಲ್ಲಿ ನೋಡುವಂಥದ್ದು ಆ ಹಾದಿ ಒಂದೇ ಆಗಿತ್ತು.

ಅಮ್ಮ ಪ್ರಾರ್ಥನೆ ಹಾಡಿದಳು. ಗಾಳಿಗೆ ದೀಪ ನಿಲ್ಲಲಿಲ್ಲ, ಮೂರು ಜನ ಸೆರಗು ಹಿಡಿದು ಮರೆ ಮಾಡಿದರು. ಸ್ವಾಗತ ಭಾಷಣ, ಪ್ರಾಸ್ತಾವಿಕ, ಅತಿಥಿಗಳ ಪರಿಚಯ, ಆಮೇಲೆ ಶಾಲುಗಳು. ಪ್ರತಿ ಶಾಲಿಗೆ ಒಂದು ಫೋಟೋ, ಫೋಟೋದಲ್ಲಿ ಕಣ್ಣು ಮುಚ್ಚಿದವರಿಗಾಗಿ ಇನ್ನೊಂದು. ನಾನು ಹೆಸರು ಕೂಗುತ್ತಿದ್ದೆ, ಜನ ಚಪ್ಪಾಳೆ ತಟ್ಟುತ್ತಿದ್ದರು. ಹನ್ನೊಂದು ಸಮೀಪಿಸುವ ಹೊತ್ತಿಗೆ ಯಾರೂ ಸೈಕಲ್ಲನ್ನು ಮುಟ್ಟಿರಲಿಲ್ಲ. ಮುಟ್ಟಿದ್ದು ಒಬ್ಬರೇ, ಅಧ್ಯಕ್ಷರು. ಸ್ಟ್ಯಾಂಡ್ ಹಾಕಿದ್ದ ಸೈಕಲ್ಲಿನ ಮೇಲೆ ಕೂತು ಕೈ ಬೀಸಿ ಫೋಟೋ ತೆಗೆಸಿಕೊಂಡರು.

ಅಮ್ಮ ಕಾರ್ಯಾಧ್ಯಕ್ಷೆಯ ಹತ್ತಿರ ಹೋಗಿ ಬಗ್ಗಿ ಕೇಳಿದ್ದು ನನಗೆ ಕಾಣಿಸಿತು. ಆಮೇಲೆ ಗೊತ್ತಾಯಿತು, ತನ್ನ ಪ್ರಾರ್ಥನೆ ಆಗಿದೆಯಲ್ಲ, ಈಗ ಹೋಗಲೇ ಎಂದು ಕೇಳಿದ್ದಳು. ಐವತ್ತರ ಮೇಲಿನ ಹೆಂಗಸು, ಮನೆ ನಡೆಸುವವಳು, ತಾನೇ ಸೂಚಿಸಿದ ಪ್ರವಾಸದಲ್ಲಿ, ಸೈಕಲ್ ಹೊಡೆಯಲು ಅಪ್ಪಣೆ ಕೇಳಿದಳು. ಸಿಕ್ಕ ಉತ್ತರ ನನ್ನ ಕಿವಿಗೂ ಬಿತ್ತು.

"ವಂದನಾರ್ಪಣೆ ಆಗ್ಲಿ ಅಕ್ಕ. ಮಧ್ಯದಲ್ಲಿ ಎದ್ದು ಹೋದ್ರೆ ಸಭೆಗೆ ಮರ್ಯಾದೆ ಉಂಟಾ?"

ಅಮ್ಮ ವಾಪಸು ಬಂದು ಕೂತಳು. ಕೈ ಮೊಣಕಾಲಿನ ಮೇಲಿತ್ತು. ಆಗ ಅಧ್ಯಕ್ಷರು ಮಾತಿಗೆ ಎದ್ದರು.

ಅವರ ಮಾತು ನಮಗೆಲ್ಲ ಬಾಯಿಪಾಠ. ಹುಡುಗನಾಗಿ ಊರು ಬಿಟ್ಟು ಬಂದದ್ದು, ಹೋಟೆಲಿನಲ್ಲಿ ಮೇಜು ಒರೆಸಿದ್ದು, ಹಿಟ್ಟಿನ ಚೀಲದ ಮೇಲೆ ಮಲಗಿದ್ದು, ರಾತ್ರಿ ಶಾಲೆ. ಅದೆಲ್ಲ ನಿಜ, ಅದರ ಕಷ್ಟವೂ ನಿಜ. ಆದರೆ ನಿಜವಾದ ಕಷ್ಟಕ್ಕೂ ಬೇರೆಯವರ ಬೆಳಗನ್ನು ಪೂರ್ತಿ ತಿನ್ನುವ ಹಕ್ಕು ಎಲ್ಲಿಂದ ಬರುತ್ತದೆ ಎಂಬುದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ರಾತ್ರಿ ಶಾಲೆ ಮುಗಿಸಿ ಅವರು ಮಹಿಳೆಯರ ಪ್ರಗತಿಗೆ ಬಂದರು.

ಅಮ್ಮನ ಪಕ್ಕದಲ್ಲಿ ಕೂತವರು ನಮ್ಮ ಮಹಡಿಯಲ್ಲಿಯೇ ಇರುವ ವಿಜಯಪುರ ಕಡೆಯ ಅಕ್ಕ. ಗಂಡ ಕಟ್ಟಡದ ಕೆಲಸದ ಮೇಸ್ತ್ರಿ, ಈಕೆ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ. ಸಂಘದಲ್ಲಿ ಅವರನ್ನು ಯಾರೂ ವೇದಿಕೆಗೆ ಕರೆಯುವುದಿಲ್ಲ. ಅವರು ಅಮ್ಮನ ಕಿವಿಯಲ್ಲಿ ಹೇಳಿದ್ದನ್ನು ಅಮ್ಮ ನನಗೆ ಆಮೇಲೆ ಹೇಳಿ ನಕ್ಕಳು.

"ಅಕ್ಕಾರ, ಈ ಭಾಷಣ ಮುಗಿಯೂದ್ರಾಗ ಸೈಕಲ್ಲಿಗೆ ತುಕ್ಕ ಹಿಡಿತೈತಿ. ಏಳ್ರಿ."

ಇಬ್ಬರೂ ಬಚ್ಚಲಿಗೆ ಹೋಗುವವರಂತೆ ಎದ್ದು ಹೋದರು. ಟಿಕೆಟ್ ಕೋಣೆಯ ಹಿಂದೆ ಆ ಅಕ್ಕ ಅಮ್ಮನ ಸೀರೆಗೆ ಕಚ್ಚೆ ಹಾಕಿದರಂತೆ. ಆರು ಗಜದಲ್ಲಿ ಪೂರ್ತಿ ಕಚ್ಚೆ ಆಗುವುದಿಲ್ಲ, ಆದರೂ ಚೈನಿಗೆ ಸಿಗದ ಹಾಗೆ ಮಾಡುತ್ತೇನೆ ಎಂದು ನೆರಿಗೆಗಳನ್ನು ಹಿಂದಕ್ಕೆ ಎಳೆದು, ತಮ್ಮ ಬಳೆಯಲ್ಲಿದ್ದ ಪಿನ್ನುಗಳನ್ನೆಲ್ಲ ಬಿಚ್ಚಿ ಚುಚ್ಚಿದರಂತೆ.

ನಾನು ಮೈಕಿನ ಪಕ್ಕದಲ್ಲಿ, ಅಧ್ಯಕ್ಷರಿಗೆ ಓರೆಯಾಗಿ ನಿಂತಿದ್ದೆ. ನನಗೆ ಕಂಡದ್ದು ಮೊದಲು ಹೆಂಗಸರ ಮುಖಗಳು. ಅವು ಒಂದೊಂದಾಗಿ ಅಧ್ಯಕ್ಷರನ್ನು ಬಿಟ್ಟು ಬಲಕ್ಕೆ ತಿರುಗಿದವು. ನಾನೂ ತಿರುಗಿದೆ. ಹಾದಿ ಪ್ಲಾಟ್‌ಫಾರ್ಮಿಗಿಂತ ಕೆಳಗಿದ್ದುದರಿಂದ ಸೈಕಲ್ಲು ಕಾಣುತ್ತಿರಲಿಲ್ಲ. ಸೊಂಟದಿಂದ ಮೇಲಿನ ಅಮ್ಮ ಮಾತ್ರ, ಗಿಳಿಹಸಿರು ಸೀರೆಯಲ್ಲಿ, ಬೆನ್ನು ನೆಟ್ಟಗೆ ಮಾಡಿಕೊಂಡು, ಸದ್ದಿಲ್ಲದೆ ಜಾರಿ ಬರುತ್ತಿದ್ದಳು. ಪಕ್ಕದಲ್ಲಿ ಒಂದು ಕೆಂಪು ಬಲೂನು. ಬ್ಯಾನರಿನ ಒಂದು ಕೋಲಿನ ಹತ್ತಿರ ಬಂದಳು, ಅಧ್ಯಕ್ಷರ ಮುಖದ ಹಿಂದೆ ಮರೆಯಾದಳು. ನಮ್ಮ ಸಂಘದ ಮಹಿಳೆಯರು ಯಾರಿಗೂ ಕಡಿಮೆಯಿಲ್ಲ ಎಂದು ಅಧ್ಯಕ್ಷರು ಹೇಳುತ್ತಿದ್ದರು. ಅವಳು ಇನ್ನೊಂದು ಕೋಲಿನ ಆಚೆಯಿಂದ ಹೊರಬಂದಾಗ ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ ತಟ್ಟಿದರು. ಅಧ್ಯಕ್ಷರು ಮಾತು ನಿಲ್ಲಿಸಿ ಕೈ ಜೋಡಿಸಿದರು. ಅಷ್ಟು ದೊಡ್ಡ ಚಪ್ಪಾಳೆ ಅವರ ಭಾಷಣಕ್ಕೆ ಹಿಂದೆ ಬಿದ್ದದ್ದು ನನಗೆ ನೆನಪಿಲ್ಲ. ಖುಷಿಯಾಗಿ ಮತ್ತೆ ಮುಂದುವರಿಸಿದರು.

ಕಾರ್ಯಾಧ್ಯಕ್ಷೆ ನನ್ನ ಬಳಿ ಬಂದು ಪಿಸುಗುಟ್ಟಿದರು. ಮುಖ ಕೆಂಪಾಗಿತ್ತು.

"ಭಾಷಣ ಮುಗಿದ ಕೂಡ್ಲೆ ಮೈಕಲ್ಲಿ ಕರಿ ನಿನ್ನ ಅಮ್ಮನ್ನ. ಪ್ರೋಗ್ರಾಮಿನ ನಡುವೆ ಇದೆಂತ ತಮಾಷೆ?"

"ಕರೆಯುದಿಲ್ಲ ಆಂಟಿ," ಎಂದೆ.

"ಹಾಗಾದ್ರೆ ಯಾರನ್ನಾದ್ರೂ ಕಳಿಸ್ತೇನೆ."

ಕಳಿಸುವವರೇ ಎಂದು ನನಗೆ ಗೊತ್ತಿತ್ತು. ವಂದನಾರ್ಪಣೆ ಮುಗಿದ ಕೂಡಲೇ ಯಾರಾದರೊಬ್ಬ ಗಂಡಸು ಬಲೂನು ಕಟ್ಟಿದ ಇನ್ನೊಂದು ಸೈಕಲ್ಲನ್ನು ಹತ್ತಿ ಹಿಂದೆ ಹೋಗುತ್ತಾನೆ. ಇಲ್ಲವೇ ಹನ್ನೆರಡಕ್ಕೆ ಶೆಡ್ಡಿನವನು ಮೋಟರ್‌ಸೈಕಲ್ ಏರುತ್ತಾನೆ. ಯಾರೇ ಹೋದರೂ ಅಮ್ಮನನ್ನು ನಿಲ್ಲಿಸುತ್ತಾರೆ, ಮಾತಾಡಿಸುತ್ತಾರೆ. ನಿಂತರೆ ಕಾಲಿಡಬೇಕು. ಅಮ್ಮ ತುಳಿಯುವ ವೇಗಕ್ಕೆ ಹೋಗಿ ಬರಲು ಒಂದು ಗಂಟೆಗೂ ಮೇಲೆ ಬೇಕು. ಅಧ್ಯಕ್ಷರ ಮಾತು ಮುಗಿಯುತ್ತ ಬಂದಿತ್ತು. ಅದಾದ ಮೇಲೆ ಉಳಿದದ್ದು ವಂದನಾರ್ಪಣೆ ಒಂದೇ.

ಬೆಳಗಿನಿಂದ ಆ ಮೈಕನ್ನು ಹಿಡಿದು ಸಂಕಟಪಟ್ಟವಳಿಗೆ ಆಗ ಅದರ ಉಪಯೋಗ ತಿಳಿಯಿತು. ನಮ್ಮ ಸಂಘದಲ್ಲಿ ವಂದನಾರ್ಪಣೆ ಯಾವಾಗ ಎಂದು ಹೇಳುವವರು ಅಧ್ಯಕ್ಷರಲ್ಲ, ನಿರೂಪಕಿ. ವೇದಿಕೆಗೆ ಕರೆದರೆ ಬರುವುದಿಲ್ಲ ಎನ್ನುವವರೂ ನಮ್ಮಲ್ಲಿ ಯಾರೂ ಇಲ್ಲ.

ಅಧ್ಯಕ್ಷರು ಕೂತ ಕೂಡಲೇ ನಾನು, ಇಂಥ ಅಪರೂಪದ ಸಂದರ್ಭದಲ್ಲಿ ಮಾಜಿ ಅಧ್ಯಕ್ಷರಿಂದ ಎರಡು ಮಾತು ಕೇಳದೆ ಮುಗಿಸುವುದು ಸರಿಯಲ್ಲ ಎಂದೆ. ಅವರು ಬೇಡ ಬೇಡ ಎನ್ನುತ್ತ ಅರ್ಧ ದಾರಿ ಬಂದಾಗಿತ್ತು. ಆಮೇಲೆ ಕೋಶಾಧಿಕಾರಿ. ಆಮೇಲೆ ಯುವ ವಿಭಾಗದವರು. ಹಿರಿಯ ಸದಸ್ಯರೊಬ್ಬರು ತಮ್ಮ ಹಳೆಯ ದಿನಗಳ ಲೋಕಲ್ ಪ್ರಯಾಣವನ್ನು ಸ್ಟೇಷನ್ನು ಸ್ಟೇಷನ್ನಾಗಿ ಹೇಳಿದರು. ಅವರ ಹೆಂಡತಿ ಒಂದು ಭಾವಗೀತೆ ಹಾಡಿದರು. ಪ್ರತಿಯೊಬ್ಬರಿಗೂ ಎರಡು ಮಾತು ಎಂದೆ, ಪ್ರತಿಯೊಬ್ಬರೂ ಎರಡು ಮಾತಿನಲ್ಲಿ ಮುಗಿಸುತ್ತೇನೆ ಎಂದು ಶುರು ಮಾಡಿದರು. ಕಾರ್ಯಾಧ್ಯಕ್ಷೆ ಎದ್ದು ಬರುತ್ತಿದ್ದುದನ್ನು ನೋಡಿ ಅವರನ್ನೇ ಕರೆದೆ. ಮಹಿಳಾ ವಿಭಾಗದ ವರ್ಷದ ಚಟುವಟಿಕೆಗಳ ಬಗ್ಗೆ ಅವರು ಮಾತಾಡಿದರು, ಬಹಳ ವಿವರವಾಗಿ. ಯಾರನ್ನೂ ಎಲ್ಲಿಗೂ ಕಳಿಸಲು ಅವರಿಗೆ ಪುರಸೊತ್ತಾಗಲಿಲ್ಲ.

ಹನ್ನೆರಡಕ್ಕೆ ಶೆಡ್ಡಿನವನು ಕೈಗಡಿಯಾರ ತೋರಿಸುತ್ತ ಪ್ಲಾಟ್‌ಫಾರ್ಮಿನ ಮೆಟ್ಟಿಲ ಬಳಿ ಬಂದು ನಿಂತ. ಒಂದು ಸೈಕಲ್ ಬಂದಿಲ್ಲ ತಾಯಿ, ನಾನು ಹೋಗಿ ನೋಡುತ್ತೇನೆ ಎಂದು ಮರಾಠಿಯಲ್ಲಿ ಹೇಳಿದ. ನಮ್ಮವರ ಚೀಲದಲ್ಲಿ ಯಾವಾಗಲೂ ಒಂದೆರಡು ಶಾಲು ಹೆಚ್ಚಿಗೆ ಇರುತ್ತವೆ, ಹೇಳದೆ ಬರುವ ಗಣ್ಯರಿಗಾಗಿ. ಈ ಹಾದಿಯನ್ನು ಇಷ್ಟು ಚೆನ್ನಾಗಿ ನೋಡಿಕೊಳ್ಳುವವರನ್ನು ಗೌರವಿಸದೆ ಹೋಗುವುದು ಹೇಗೆ ಎಂದು ನಾನು ಮೈಕಿನಲ್ಲಿ ಹೇಳಿದೆ. ಅಧ್ಯಕ್ಷರಿಗೆ ಶಾಲು ಹೊದಿಸುವ ಅವಕಾಶ ಎಂದರೆ ಪ್ರಾಣ. ಅವನಿಗೆ ಶಾಲು, ಹಾರ, ಒಂದು ತಟ್ಟೆ ಹಣ್ಣು. ಅವನು ಮೊದಲು ಗಾಬರಿಯಾದ, ಆಮೇಲೆ ಕೂತ, ಆಮೇಲೆ ಮೈಕು ಕೇಳಿ ಮರಾಠಿಯಲ್ಲಿ ತನ್ನ ಅಜ್ಜ ಇದೇ ಲೈನಿನಲ್ಲಿ ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ ಆಗಿದ್ದ ಕತೆ ಹೇಳಿದ. ಆ ದಿನದ ಭಾಷಣಗಳಲ್ಲಿ ಕೇಳುವಂಥದ್ದು ಅದೊಂದೇ ಇತ್ತು. ಅದನ್ನು ನಾನು ಸರಿಯಾಗಿ ಕೇಳಲಿಲ್ಲ. ನನ್ನ ಕಣ್ಣು ಬಯಲಿನ ಕಡೆಗಿತ್ತು.

ದೂರದಲ್ಲಿ ಹಸಿರು ಚುಕ್ಕೆಯೊಂದು ಕಂಡಿತು. ಅದು ದೊಡ್ಡದಾಯಿತು, ಪಕ್ಕದಲ್ಲಿ ಕೆಂಪು ಬಂತು. ಅಮ್ಮ ಹೋದ ಹಾಗೆಯೇ ಬರುತ್ತಿದ್ದಳು, ನಿಧಾನವಾಗಿ, ಒಂದೇ ಸಮನಾಗಿ.

ಅದೇ ಹೊತ್ತಿಗೆ ಭಾಂಡುಪಿನಿಂದ ಊಟದ ಟೆಂಪೋ ಬಂತು. ಹಾದಿಯ ಬಾಯಲ್ಲಿ ವಾಹನಗಳಿಗೆ ಪ್ರವೇಶವಿಲ್ಲ ಎಂದು ಮೂರು ಭಾಷೆಯಲ್ಲಿ ಬರೆದ ಫಲಕವಿದೆ. ಪಾತ್ರೆಗಳನ್ನು ಹತ್ತು ಹೆಜ್ಜೆ ಹೊರುವುದು ಬೇಡ ಎಂದು ಟೆಂಪೋ ಆ ಫಲಕವನ್ನು ದಾಟಿ, ಸೈಕಲ್ ಹಾದಿಯ ಮೇಲೆಯೇ ಬಂದು, ಪ್ಲಾಟ್‌ಫಾರ್ಮಿಗೂ ಶೆಡ್ಡಿಗೂ ನಡುವೆ ಹಾದಿ ಕಿರಿದಾಗುವ ಕಡೆ ಅಡ್ಡ ನಿಂತಿತು. ಒಂದು ಕಡೆ ಕಲ್ಲಿನ ಗೋಡೆ, ಇನ್ನೊಂದು ಕಡೆ ಚರಂಡಿ. ಒಂದು ಬೆಕ್ಕೂ ದಾಟುವ ಹಾಗಿರಲಿಲ್ಲ. ಡ್ರೈವರು ಇಳಿದು ಸಾರಿನ ಪಾತ್ರೆಯ ಹಗ್ಗ ಬಿಚ್ಚತೊಡಗಿದ. ನಮ್ಮ ಗಂಡಸರು ಭಾಷಣ ಬಿಟ್ಟು ಎದ್ದರು. ಊಟ ಬಂದಾಗ ಮಾತ್ರ ನಮ್ಮಲ್ಲಿ ಸಭೆ ತಾನಾಗಿ ಮುಗಿಯುತ್ತದೆ.

ಅಮ್ಮ ಪ್ಲಾಟ್‌ಫಾರ್ಮಿನ ಮುಂದೆ ಬಂದಾಗ ಟೆಂಪೋ ನೋಡಿದಳು. ಅಲ್ಲಿ ಹಿಂದೆ ಎರಡು ಹಳಿಗಳಿದ್ದುದರಿಂದ ಜಾಗ ಅಗಲವಿತ್ತು. ಅವಳು ಕಾಲಿಡಲಿಲ್ಲ. ಹ್ಯಾಂಡಲ್ ತಿರುಗಿಸಿ ದೊಡ್ಡದೊಂದು ಸುತ್ತು ಹಾಕಿದಳು, ಬೆಲ್ಲು ಹೊಡೆದಳು. ಯಾರೂ ನೋಡಲಿಲ್ಲ. ಇನ್ನೊಂದು ಸುತ್ತು, ಮತ್ತೆ ಬೆಲ್ಲು. ಅವಳ ಕುತ್ತಿಗೆಯ ನರ ಉಬ್ಬಿತ್ತು. ಸುತ್ತು ಚಿಕ್ಕದಾಗುತ್ತ ಬಂತು, ಸೈಕಲ್ಲು ಓಲಾಡತೊಡಗಿತು. ಗಂಡಸರು ಅನ್ನದ ಪಾತ್ರೆ ಎತ್ತುವುದರಲ್ಲಿದ್ದರು. ಅಧ್ಯಕ್ಷರು ಟೆಂಪೋದ ಬಳಿ ನಿಂತು ಪಲ್ಯ ಚೆಲ್ಲದ ಹಾಗೆ ನೋಡಿಕೊಳ್ಳಲು ಹೇಳುತ್ತಿದ್ದರು.

ಮೈಕು ಇನ್ನೂ ನನ್ನ ಕೈಯಲ್ಲಿತ್ತು.

"ಟೆಂಪೋ ತೆಗೀರಿ," ಎಂದೆ.

ನನ್ನ ಸ್ವರ ಅಷ್ಟು ದೊಡ್ಡದು ಎಂದು ನನಗೆ ಗೊತ್ತಿರಲಿಲ್ಲ. ಎಲ್ಲರೂ ನಿಂತಲ್ಲಿಯೇ ನಿಂತರು. ಅಧ್ಯಕ್ಷರು ಒಂದು ನಿಮಿಷ ಎಂದು ಬೆರಳು ತೋರಿಸಿದರು.

"ಈಗ ತೆಗೀರಿ. ಪಾತ್ರೆ ಆಮೇಲೆ ಇಳಿಸಬಹುದು. ಬೆಳಿಗ್ಗೆಯಿಂದ ಎಲ್ಲರ ಮಾತು ಕೇಳಿದ್ದೇವೆ. ನನ್ನ ಅಮ್ಮ ಬರ್ತಿದ್ದಾರೆ, ದಾರಿ ಬಿಡಿ."

ಮೊದಲು ಕದಲಿದವರು ವಿಜಯಪುರದ ಅಕ್ಕ. ಅವರು ಕೆಳಗಿಳಿದು ಹೋಗಿ ಟೆಂಪೋದ ಬಾನೆಟ್ಟಿಗೆ ಅಂಗೈಯಿಂದ ಹೊಡೆದರು, "ಗಾಡಿ ಹಿಂದಕ್ಕ ತಗೊಳ್ಳೋ ತಮ್ಮಾ." ಡ್ರೈವರು ಅಧ್ಯಕ್ಷರ ಮುಖ ನೋಡಿದ, ಆಮೇಲೆ ಅಕ್ಕನ ಮುಖ ನೋಡಿದ. ಹತ್ತಿ ಕೂತು ಗಾಡಿ ಹಿಂದಕ್ಕೆ ತೆಗೆದ. ಹಗ್ಗ ಬಿಚ್ಚಿದ್ದ ಸಾರಿನ ಪಾತ್ರೆ ಅಲುಗಾಡಿ ಒಂದಷ್ಟು ಸಾರು ಹಾದಿಯ ಮೇಲೆ ಚೆಲ್ಲಿತು. ಅಮ್ಮ ಆ ಒದ್ದೆಯ ಮೇಲಿನಿಂದಲೇ ದಾಟಿ, ನಮ್ಮ ಯಾರ ಕಡೆಗೂ ನೋಡದೆ, ಶೆಡ್ಡಿನವರೆಗೆ ಹೋದಳು. ಅಲ್ಲಿ ಬ್ರೇಕು ಹಿಡಿದು, ಕಾಲು ಕೆಳಗಿಟ್ಟಳು.

ನಾನು ಓಡಿ ಹೋದಾಗ ಅವಳು ಹ್ಯಾಂಡಲ್ಲಿನ ಮೇಲೆ ತಲೆಯಿಟ್ಟು ಏದುಸಿರು ಬಿಡುತ್ತಿದ್ದಳು. ಮುಖ ಎತ್ತಿದಳು.

"ಇಡ್ಲಿಲ್ಲ ಮಗಾ," ಎಂದಳು. "ಎಲ್ಲಿಯೂ ಇಡ್ಲಿಲ್ಲ. ಸೇತುವೆ ಮೇಲೆ ಗಾಳಿ ಎಷ್ಟು ಉಂಟು ಗೊತ್ತುಂಟಾ? ಹಿಂದಿನಿಂದ ಯಾರೋ ದೂಡಿದ ಹಾಗೆ."

ಊಟಕ್ಕೆ ಕೂತಾಗ ಸಾರು ಕಡಿಮೆ ಬಿತ್ತು. ಅದಕ್ಕೆ ಕಾರಣ ನಾನು ಎಂದು ಆಗಲೇ ತೀರ್ಮಾನವಾಗಿತ್ತು. ಬಸ್ಸಿನಲ್ಲಿ ವಾಪಸು ಬರುವಾಗ ನಮ್ಮ ಸಾಲಿನಲ್ಲಿ ವಿಜಯಪುರದ ಅಕ್ಕನ ಹೊರತು ಯಾರೂ ಕೂರಲಿಲ್ಲ. ಅಧ್ಯಕ್ಷರಿಗೆ ಎಲ್ಲರೆದುರು ದಾರಿ ಬಿಡಿ ಎಂದದ್ದು ತಪ್ಪು, ಪ್ರಾರ್ಥನೆ ಹಾಡಿದವಳು ಸಭೆ ಬಿಟ್ಟು ಹೋದದ್ದು ತಪ್ಪು, ವಂದನಾರ್ಪಣೆಯೇ ಆಗದೆ ಕಾರ್ಯಕ್ರಮ ಮುಗಿದದ್ದು ಸಂಘದ ಇತಿಹಾಸದಲ್ಲಿಯೇ ಮೊದಲು. ಸೈಕಲ್ ಜಾಥಾದಲ್ಲಿ ಸೈಕಲ್ ಹೊಡೆದವಳು ಅಮ್ಮ ಒಬ್ಬಳೇ ಎಂಬುದು ಈ ಮಾತುಗಳಲ್ಲಿ ಎಲ್ಲಿಯೂ ಬರಲಿಲ್ಲ. ಕ್ಷಮೆ ಕೇಳಿದರೆ ಎಲ್ಲ ಸರಿಹೋಗುತ್ತದೆ ಎಂದು ಕಾರ್ಯಾಧ್ಯಕ್ಷೆ ಎರಡು ಸಲ ಹೇಳಿಕಳಿಸಿದ್ದಾರೆ.

ಅಮ್ಮನ ಆಪರೇಶನ್ ಜನವರಿಯಲ್ಲಿ ಆಯಿತು. ಈಗ ಅವಳು ಕಾರಿಡಾರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುತ್ತಾಳೆ, ಯಾರ ಮನೆಯ ಚಪ್ಪಲಿ ಸ್ಟ್ಯಾಂಡು ಹಾದಿಗೆ ಅಡ್ಡ ಬಂದರೂ ಗದರುತ್ತಾಳೆ. ಸೈಕಲ್ಲನ್ನು ವಿಜಯಪುರದ ಅಕ್ಕನಿಗೆ ಕೊಟ್ಟಿದ್ದಾಳೆ. ಕ್ಷಮೆ ಕೇಳಿಬಿಡು, ನಿನ್ನದು ಎಂತ ಹೋಗ್ತದೆ ಎಂದು ಒಂದು ದಿನ ನನಗೆ ಹೇಳಿದಳು. ಹೋಗುವುದು ಎಂತ ಎಂದು ನಾನು ಯೋಚಿಸಿದ್ದೇನೆ. ಆ ದಿನ ನಾನು ಕೇಳಿದ್ದು ಅಮ್ಮನಿಗೆ ದಾರಿ ಬಿಡಲು ಮಾತ್ರ. ಅದನ್ನು ಬೆಳಿಗ್ಗೆಯೇ, ಕುರ್ಚಿ ಹಾಕುವ ಮೊದಲೇ ಕೇಳಬೇಕಾಗಿತ್ತು ಎಂಬ ಒಂದು ಮಾತಿನ ಹೊರತು ನನ್ನಲ್ಲಿ ಹೇಳಲು ಬೇರೇನೂ ಉಳಿದಿಲ್ಲ. ಕ್ಷಮೆ ಕೇಳಿಲ್ಲ.